ಒಬ್ಬ ಶಾಂತಿವಾದಿಯ ಕಾಗದಪತ್ರಗಳು

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ನಾನು ಮೆಟ್ರಿಕ್ಕಿನವರೆಗೆ ಓದಿದವನು. ಗಿರಣಿಯ ಆಫೀಸಿನಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನ. ಸಂಜೆ ಎರಡು ತಾಸು ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸುತ್ತೇನೆ, ಪುಸ್ತಕಗಳಿಗೆ ನಂಬರು ಹಾಕುತ್ತೇನೆ, ಬರೆಯಲು ಬಾರದ ಅಣ್ಣತಮ್ಮಂದಿರಿಗೆ ಅರ್ಜಿ ಬರೆದುಕೊಡುತ್ತೇನೆ. ಇದು ನಿಮಗೆಲ್ಲ ಗೊತ್ತಿದ್ದದ್ದೇ.

“ಈ ಸಲ ನೀನೇ ಶಾಂತಿಯ ವಿಷಯ ಮಾತಾಡು” ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ದಿಗಿಲಾಯಿತು. ಶಾಂತಿಯ ಮೇಲೆ ಮಾತಾಡಬೇಕಾದವರು ದೊಡ್ಡವರು. ನನಗೆ ಗೊತ್ತಿರುವುದು ಕಾಗದ ಮಾತ್ರ. ಆದ್ದರಿಂದ ಬದುಕಿಡೀ ಯುದ್ಧವನ್ನು ವಿರೋಧಿಸಿದ ಒಬ್ಬ ಹೆಣ್ಣುಮಗಳು ಬಿಟ್ಟುಹೋದ ಕಾಗದಗಳ ವಿಷಯ ಹೇಳುತ್ತೇನೆ. ಇಂಗ್ಲಿಷಿನಲ್ಲಿ ನನಗೆ ತೊಡಕಾದ ಕಡೆ, ಇಲ್ಲಿ ಓದಲು ಬರುವ ಒಬ್ಬ ಕಾಲೇಜಿನ ಹುಡುಗ ಪಕ್ಕದಲ್ಲಿ ಕುಳಿತು ಅರ್ಥ ಬಿಡಿಸಿ ಹೇಳಿದ. ತಪ್ಪಿದ್ದರೆ ಅದು ನನ್ನದು.

ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಈ ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಕಪಾಟು ಇದೆಯಲ್ಲ, ಅದನ್ನು ಖಾಲಿ ಮಾಡಿ ಒಳಗಿನ ಹಳೆಯ ಕಾಗದಗಳನ್ನು ರದ್ದಿಗೆ ಹಾಕಬೇಕೆಂಬ ಸೂಚನೆ ಮುಂದಿನ ವಾರ್ಷಿಕ ಸಭೆಗೆ ಬರುತ್ತಿದೆ. ತಂದವರು ಕೆಟ್ಟ ಮನಸ್ಸಿನಿಂದ ತಂದಿಲ್ಲ. ನಮಗೆ ಜಾಗ ಸಾಲದು. ಮಕ್ಕಳ ಪರೀಕ್ಷೆಯ ಪುಸ್ತಕಗಳು ನೆಲದ ಮೇಲೆ ಬಿದ್ದಿವೆ. ಕಾಗದಗಳನ್ನು ಹೊರಗೆ ತೆಗೆದು ಕಟ್ಟು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಸುಮ್ಮನೆ ಕಟ್ಟಬೇಕಾಗಿತ್ತು, ಓದಲು ಕುಳಿತೆ. ಏನು ಓದಿದೆನೆಂಬುದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ. ಮೊದಲು ಆ ತಾಯಿಯ ಕತೆ.

ಆಕೆಯ ಹೆಸರು ಜೇನ್ ಆಡಮ್ಸ್. ಹುಟ್ಟಿದ್ದು 1860ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಸೀಡರ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು, ರಾಜ್ಯದ ಶಾಸನಸಭೆಯ ಸದಸ್ಯರೂ ಹೌದು. ಎರಡು ವರ್ಷದ ಮಗುವಿಗೆ ತಾಯಿ ತೀರಿಕೊಂಡಳು. ತಂದೆಯೇ ಆ ಮಗುವಿಗೆ ಸರ್ವಸ್ವ. ಬೀಸುವ ಕಲ್ಲಿನಿಂದ ಬರುವ ಹಿಟ್ಟನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿ ಗಿರಣಿಗಾರರ ಹೆಬ್ಬೆರಳು ಚಪ್ಪಟೆಯಾಗುತ್ತಿತ್ತಂತೆ. ತಂದೆಯ ಹೆಬ್ಬೆರಳೂ ಹಾಗೆಯೇ ಇತ್ತು. ತನ್ನದೂ ಹಾಗಾಗಲಿ ಎಂದು ಈ ಹುಡುಗಿ ಕಲ್ಲಿನ ಬಳಿ ಕುಳಿತು ಹಿಟ್ಟು ಉಜ್ಜುತ್ತಿದ್ದಳು. ಇದನ್ನು ಆಕೆಯೇ ತಮ್ಮ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ಗಿರಣಿಯ ಜನರಾದ ನಮಗೆ ಈ ಮಾತು ಬೇಗ ತಿಳಿಯುತ್ತದೆ.

ಆ ತಂದೆಯ ಮೇಜಿನ ಗೂಡಿನಲ್ಲಿ ಒಂದು ತೆಳ್ಳನೆಯ ಕಾಗದದ ಕಟ್ಟು ಇತ್ತು. ಅದರ ಮೇಲೆ ಲಿಂಕನ್ನರ ಕಾಗದಗಳು ಎಂದು ಬರೆದಿತ್ತು. ಗುಲಾಮಗಿರಿಯನ್ನು ತೊಡೆದ ಅಬ್ರಹಾಂ ಲಿಂಕನ್ನರೇ ಅವರು. ದೇಶದ ಅಧ್ಯಕ್ಷರಾಗುವ ಮೊದಲು ಈ ಗಿರಣಿಯ ಯಜಮಾನರಿಗೆ ಕಾಗದ ಬರೆಯುತ್ತಿದ್ದರು. ಆಡಮ್ಸ್ ಎಂಬ ಹೆಸರಿನಲ್ಲಿ ಇವರ ಮನೆಯವರು ‘ಡಿ’ ಅಕ್ಷರವನ್ನು ಎರಡು ಸಲ ಬರೆಯುತ್ತಿದ್ದರು. ಲಿಂಕನ್ನರು ಅದನ್ನೇ ತಮಾಷೆ ಮಾಡಿ ಕಾಗದ ಸುರುಮಾಡುತ್ತಿದ್ದರು. ತಂದೆ ಅದನ್ನು ಹೊರಗೆ ತೆಗೆದು ತೋರಿಸಿದಾಗಲೆಲ್ಲ ಮಗಳಿಗೆ ಮೈ ನವಿರೇಳುತ್ತಿತ್ತು. ಸತ್ತುಹೋದ ಮನುಷ್ಯ ಒಂದು ಚೂರು ಕಾಗದದಲ್ಲಿ ನಗಬಲ್ಲ ಎಂಬುದನ್ನು ಆ ಹುಡುಗಿ ಎಳೆವಯಸ್ಸಿನಲ್ಲೇ ಕಂಡಳು.

1889ರಲ್ಲಿ, ತಮ್ಮ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ಎಲೆನ್ ಗೇಟ್ಸ್ ಸ್ಟಾರ್ ಎಂಬ ಗೆಳತಿಯೊಡನೆ ಶಿಕಾಗೋ ನಗರಕ್ಕೆ ಬಂದು, ಹಾಲ್‌ಸ್ಟೆಡ್ ಬೀದಿಯ ಒಂದು ಹಳೆಯ ಮನೆಯಲ್ಲಿ ವಾಸಕ್ಕೆ ಇಳಿದರು. ಅದೇ ಹಲ್ ಹೌಸ್. ಆ ಬೀದಿ ಎಂಥದೆಂದು ನಿಮಗೆ ವರ್ಣಿಸಬೇಕಾಗಿಲ್ಲ. ಇಟಲಿಯವರು, ಜರ್ಮನರು, ಐರಿಷ್ ಜನ, ಬೊಹೀಮಿಯದವರು, ಪೋಲೆಂಡ್ ಮತ್ತು ರಷ್ಯದಿಂದ ಬಂದ ಯೆಹೂದಿಗಳು, ಗ್ರೀಕರು, ಎಲ್ಲರೂ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಒಂದೊಂದು ಖೋಲಿಯಲ್ಲಿ ಇಡೀ ಸಂಸಾರ, ಬಾಗಿಲಲ್ಲಿ ಕಸ, ಮೂಲೆ ಮೂಲೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸರು ಮಕ್ಕಳು. ನಮ್ಮ ಅಜ್ಜಂದಿರು ಮುಂಬಯಿಯ ಚಾಳಿಗೆ ಬಂದಿಳಿದಾಗ ಕಂಡದ್ದೂ ಇದೇ ತಾನೆ?

ಆ ಇಬ್ಬರು ಹೆಂಗಸರು ಅಲ್ಲಿ ಉಪದೇಶ ಮಾಡಲಿಲ್ಲ. ಎಳೆಗೂಸುಗಳಿಗೆ ನೀರು ಹಾಕಿದರು, ರೋಗಿಗಳ ಆರೈಕೆ ಮಾಡಿದರು, ಸತ್ತವರ ದೇಹವನ್ನು ಅಂತ್ಯಕ್ರಿಯೆಗೆ ಸಿದ್ಧಮಾಡಿದರು, ತಾಯಂದಿರು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಂಡರು. ಶಿಶುವಿಹಾರ, ರಾತ್ರಿ ಶಾಲೆ, ಇಂಗ್ಲಿಷ್ ತರಗತಿ ಸುರುವಾದವು. 1891ರಲ್ಲಿ ಕಟ್ಟಿದ ಹೊಸ ಕಟ್ಟಡದಲ್ಲಿ ನಗರದ ಸಾರ್ವಜನಿಕ ಗ್ರಂಥಾಲಯದ ಒಂದು ವಾಚನಾಲಯವೂ ಬಂತು. 1895ರಲ್ಲಿ ಕಸ ಎತ್ತುವುದರ ಮೇಲೆ ತಪಾಸಣೆ ಮಾಡುವ ಸರಕಾರಿ ಕೆಲಸವನ್ನು ಆಕೆ ತಾವೇ ಒಪ್ಪಿಕೊಂಡು, ಬೆಳಿಗ್ಗೆ ಆರಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ಹೋಗುತ್ತಿದ್ದರು.

1896ರಲ್ಲಿ ಆಕೆ ರಷ್ಯಕ್ಕೆ ಹೋಗಿ ಟಾಲ್‌ಸ್ಟಾಯ್ ಮಹಾಶಯರನ್ನು ಕಂಡರು. ಆ ವೃದ್ಧರು ಆಕೆಯ ಅಂಗಿಯ ದೊಡ್ಡ ತೋಳನ್ನು ಹಿಡಿದೆಳೆದು, ಇಷ್ಟು ಬಟ್ಟೆಯಲ್ಲಿ ಒಂದು ಬಡ ಹುಡುಗಿಗೆ ಲಂಗ ಆಗುತ್ತಿತ್ತಲ್ಲ ಎಂದರಂತೆ. ಆಕೆ ನಾಚಿಕೊಂಡು, ಊರಿಗೆ ಹಿಂದಿರುಗಿದ ಮೇಲೆ ದಿನಕ್ಕೆ ಎರಡು ತಾಸು ತಾನೇ ರೊಟ್ಟಿ ಸುಡುವೆನೆಂದು ವ್ರತ ತೊಟ್ಟರು. ಬಂದು ನೋಡಿದರೆ ಬಾಗಿಲಲ್ಲಿ ಕಷ್ಟ ಹೇಳಿಕೊಳ್ಳಲು ಜನ ಕಾದಿದ್ದಾರೆ, ಮೇಜಿನ ಮೇಲೆ ಒಡೆಯದ ಕಾಗದಗಳ ರಾಶಿ ಬಿದ್ದಿದೆ. ಇವರನ್ನೆಲ್ಲ ಕಾಯಿಸಿ ನನ್ನ ಆತ್ಮದ ಉದ್ಧಾರಕ್ಕೆ ರೊಟ್ಟಿ ಸುಡಲೇ ಎಂದು ಕೇಳಿಕೊಂಡು ವ್ರತ ಬಿಟ್ಟರು. ಇದನ್ನು ಓದಿದಾಗ ನನಗೆ ಆಕೆಯ ಮೇಲೆ ಗೌರವ ಹೆಚ್ಚಾಯಿತು. ಬಂದ ಕಾಗದಕ್ಕೆ ಜವಾಬು ಬರೆಯುವುದು ರೊಟ್ಟಿ ಸುಡುವುದಕ್ಕಿಂತ ಕಡಿಮೆ ಕೆಲಸವಲ್ಲ.

ಆಕೆಗೆ ಶಾಂತಿಯ ವಿಚಾರ ಹೊಳೆದದ್ದು ಆ ಬೀದಿಯಲ್ಲೇ. ಅತ್ತ ಯುರೋಪಿನಲ್ಲಿ ಪರಸ್ಪರ ಕತ್ತಿ ಮಸೆಯುವ ದೇಶಗಳ ಮಕ್ಕಳು ಇತ್ತ ಒಂದೇ ನಳದ ನೀರು ಹಿಡಿಯುತ್ತಿದ್ದರು. ಜಗಳವಾಡುತ್ತಿದ್ದರು, ಆದರೆ ಕಷ್ಟ ಬಂದಾಗ ಒಬ್ಬರ ಕೂಸನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಬಡವರು ಅಗತ್ಯದಿಂದ ಕಲಿತ ಈ ಪಾಠವನ್ನು ದೇಶಗಳೂ ಕಲಿಯಬಹುದೆಂದು 1907ರಲ್ಲಿ ಶಾಂತಿಯ ಹೊಸ ಆದರ್ಶಗಳನ್ನು ಕುರಿತ ಪುಸ್ತಕದಲ್ಲಿ ಆಕೆ ಬರೆದರು. ಅಂದರೆ, ಪರವೂರಿಗೆ ದುಡಿಯಲು ಬಂದ ನಮ್ಮಂಥವರನ್ನು ನೋಡಿಯೇ ಆಕೆ ಶಾಂತಿವಾದಿಯಾದದ್ದು.

ಇಲ್ಲಿಯವರೆಗೆ ಆಕೆಗೆ ಬಂದ ಕಾಗದಗಳಲ್ಲಿ ಹೊಗಳಿಕೆಯೇ ಹೆಚ್ಚು. ಇಡೀ ದೇಶ ಆಕೆಯನ್ನು ತಾಯಿಯಂತೆ ಕಾಣುತ್ತಿತ್ತು. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟರನ್ನು ಹೊಸ ಪಕ್ಷದ ಅಧ್ಯಕ್ಷ ಉಮೇದುವಾರರಾಗಿ ನಿಲ್ಲಿಸಿದಾಗ, ಆ ಸೂಚನೆಗೆ ಅನುಮೋದನೆ ಕೊಟ್ಟವರಲ್ಲಿ ಆಕೆಯೂ ಒಬ್ಬರು. ಆ ಪಕ್ಷದ ಕಾರ್ಯಕ್ರಮದಲ್ಲಿ ವರ್ಷಕ್ಕೆ ಎರಡು ಯುದ್ಧನೌಕೆ ಕಟ್ಟಬೇಕೆಂಬ ಮಾತೂ ಇತ್ತು. ಕಾರ್ಮಿಕರ ಹಿತಕ್ಕಾಗಿ ಆಕೆ ಅದನ್ನು ಕಷ್ಟಪಟ್ಟು ನುಂಗಿಕೊಂಡರು. ಇದು ತಪ್ಪೋ ಸರಿಯೋ, ನಾನು ತೀರ್ಪು ಕೊಡಲಾರೆ. ಆಕೆಯೇ ಅದನ್ನು ಮುಚ್ಚಿಡಲಿಲ್ಲ.

1914ರಲ್ಲಿ ಮೊದಲನೆಯ ಮಹಾಯುದ್ಧ ಹತ್ತಿತು. ಮರುವರ್ಷ ಏಪ್ರಿಲ್ ಕೊನೆಯಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಹೆಂಗಸರು ಒಂದು ಶಾಂತಿ ಸಮ್ಮೇಳನ ಕರೆದರು. ಕಾದಾಡುವ ದೇಶಗಳಿಂದಲೂ ಕಾದಾಡದ ದೇಶಗಳಿಂದಲೂ ಸಾವಿರಕ್ಕೆ ಮೇಲ್ಪಟ್ಟು ಹೆಂಗಸರು ಸೇರಿದರು. ಬ್ರಿಟನ್ನಿನಿಂದ ಸುಮಾರು 180 ಹೆಂಗಸರು ಹೊರಡಬೇಕೆಂದಿದ್ದರೂ ದಾರಿ ಮುಚ್ಚಿದ್ದರಿಂದ ಸಮ್ಮೇಳನ ಮುಟ್ಟಿದವರು ಮೂವರೇ. ಅಮೆರಿಕದ ಹೆಂಗಸರಿದ್ದ ಹಡಗನ್ನು ಇಂಗ್ಲೆಂಡಿನ ಕರಾವಳಿಯ ಎದುರು ದಿನಗಟ್ಟಲೆ ತಡೆದು ನಿಲ್ಲಿಸಿದರು. ಜೇನ್ ಆಡಮ್ಸ್ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಬಳಿಕ ಅವರೂ ಅವರ ಸಂಗಡಿಗರೂ ಲಂಡನ್, ಬರ್ಲಿನ್, ವಿಯೆನ್ನಾ, ಪ್ಯಾರಿಸ್ ಮೊದಲಾದ ರಾಜಧಾನಿಗಳಿಗೆ ಹೋಗಿ ಮಂತ್ರಿಗಳನ್ನು ಕಂಡು, ಮಾತುಕತೆಗೆ ದಾರಿ ಮಾಡಿರೆಂದು ಕೇಳಿಕೊಂಡರು. ನಿನ್ನೆಯ ಮಿತ್ರರಾದ ರೂಸ್‌ವೆಲ್ಟರೇ ಈ ಯಾತ್ರೆಯನ್ನು ಕಟುವಾಗಿ ಹಳಿದರು.

ಊರಿಗೆ ಮರಳಿದ ಮೇಲೆ, 1915ರ ಜುಲೈ 9ರಂದು, ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಆಕೆ ಭಾಷಣ ಮಾಡಿದರು. ಮಾತಿನ ಕೊನೆಯಲ್ಲಿ, ತಾನು ಯುರೋಪಿನಲ್ಲಿ ಕೇಳಿದ ಒಂದು ಸಂಗತಿ ಹೇಳಿದರು: ಬಯೊನೆಟ್ ಹಿಡಿದು ಎದುರಾಳಿಯ ಮೇಲೆ ಬೀಳಬೇಕಾದಾಗ ಸೈನಿಕರಿಗೆ ಅಮಲಿನ ಪದಾರ್ಥ ಕೊಡಬೇಕಾಗುತ್ತದೆ. ಆಕೆಯ ಭಾವ ಇಷ್ಟೆ: ಎಳೆಯ ಹುಡುಗರ ಕೈ ಮನುಷ್ಯನನ್ನು ಕೊಲ್ಲಲು ತಾನಾಗಿ ಏಳುವುದಿಲ್ಲ. ಪತ್ರಿಕೆಗಳು ಅದನ್ನು ತಿರುಚಿ, ನಮ್ಮ ವೀರರು ಕುಡುಕರೆಂದು ಈಕೆ ಹೇಳಿದಳು ಎಂದು ಬೊಬ್ಬೆ ಹಾಕಿದವು. ದೇಶದ ಮೂಲೆಮೂಲೆಯಿಂದ ಬೈಗುಳದ ಕಾಗದಗಳು ಬಂದವು. ನಿನ್ನೆಯ ತಾಯಿ ಇಂದು ಮುದಿ ಮಂಕು, ದೇಶದ್ರೋಹಿ.

1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿಯಿತು. ಆ ಜೂನಿನಲ್ಲಿ ಒಂದು ಚರ್ಚಿನಲ್ಲಿ ಆಕೆ ಶಾಂತಿಯ ಪರವಾಗಿ ಮಾತಾಡಿದಾಗ, ಹಳೆಯ ಸ್ನೇಹಿತರಾಗಿದ್ದ ರಾಜ್ಯದ ಒಬ್ಬ ಹಿರಿಯ ನ್ಯಾಯಾಧೀಶರು ತುಂಬಿದ ಸಭೆಯಲ್ಲಿ ಎದ್ದುನಿಂತು ಇದನ್ನು ಒಪ್ಪಲಾರೆನೆಂದರು. ಸೇನೆಗೆ ಹೆಸರು ಬರೆಸುವ ಠಾಣ್ಯ ಹಲ್ ಹೌಸಿನಲ್ಲೇ ನಡೆಯಿತು. ಸಾಲಿನಲ್ಲಿ ನಿಂತಿದ್ದ ಒಬ್ಬ ವಲಸೆಗಾರ ಆಕೆಯ ಬಳಿ ಬಂದು, ಕಾದಲು ಯುರೋಪಿಗೆ ಹೋಗಬೇಕಾಗಿ ಬಂದರೆ ಅದು ನಿಮ್ಮಿಂದಲೇ, ನೀವು ಹೇಳಿದಿರೆಂದಲ್ಲವೇ ನಾನು ಪೌರತ್ವದ ತರಗತಿಗೆ ಸೇರಿದ್ದು ಎಂಬ ಅರ್ಥದ ಮಾತು ಆಡಿದ. ಆಕೆ ಇದನ್ನು ತಮ್ಮ ಬರಹದಲ್ಲಿ ದಾಖಲೆ ಮಾಡಿದ್ದಾರೆ. ಪತ್ರಿಕೆಯವರ ಸಾವಿರ ಬೈಗುಳಕ್ಕಿಂತ ಈ ಒಂದು ಮಾತು ಆಕೆಯ ಎದೆಗೆ ನಾಟಿರಬೇಕು. ನಾನೂ ಇಲ್ಲಿ ಎಷ್ಟೋ ಹುಡುಗರಿಗೆ ಅರ್ಜಿ ತುಂಬಿ ಕೊಟ್ಟಿದ್ದೇನೆ. ಆ ಅರ್ಜಿ ಅವರನ್ನು ಎಲ್ಲಿಗೆ ಒಯ್ಯುತ್ತದೆಂದು ನನಗೇನು ಗೊತ್ತು?

ಆಕೆ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಯುದ್ಧಕ್ಕೆ ಕೈಹಾಕಲಾರೆ, ಹಸಿದವರಿಗೆ ಅನ್ನ ಸೇರುವ ಕೆಲಸ ಮಾಡಬಲ್ಲೆ ಎಂದು ಆಹಾರ ಉಳಿತಾಯದ ಪರವಾಗಿ ಊರೂರು ಸುತ್ತಿ ಮಾತಾಡಿದರು. ಯುದ್ಧ ಮುಗಿದು 1919ರಲ್ಲಿ, ಸೋತ ಜರ್ಮನಿಗೆ ಕ್ವೇಕರ್ ಪಂಥದವರೊಡನೆ ಹೋಗಿ, ಹಸಿವಿನಿಂದ ಎಲುಬು ಕಾಣುತ್ತಿದ್ದ ಮಕ್ಕಳನ್ನು ನೋಡಿ ಬಂದು ನೆರವು ಕೇಳಿದರು. ವೈರಿಯ ಮಕ್ಕಳಿಗೆ ಹಾಲೇ ಎಂದು ಮತ್ತೆ ಬೈಗುಳ. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದರ ಮುಂದೆ ಅಪಾಯಕಾರಿ ಜನರೆಂದು 62 ಹೆಸರುಗಳ ಪಟ್ಟಿ ಓದಲಾಯಿತು. ಮೊದಲಲ್ಲೇ ಆಕೆಯ ಹೆಸರು. ಸರಕಾರದ ಗುಪ್ತಚರರು ಆಕೆಯ ಮೇಲೆ ಕಡತ ಇಟ್ಟರು. ಅಮೆರಿಕನ್ ಕ್ರಾಂತಿಯ ಪುತ್ರಿಯರು ಎಂಬ ದೊಡ್ಡ ಸಂಘ ಆಕೆಗೆ ಹಿಂದೆ ಗೌರವ ಸದಸ್ಯತ್ವ ಕೊಟ್ಟಿತ್ತು. ಅದನ್ನೂ ಹಿಂದೆ ತೆಗೆದುಕೊಂಡಿತು. ಆ ಸದಸ್ಯತ್ವ ಆಜೀವವೆಂದು ನಂಬಿದ್ದೆ, ಒಳ್ಳೆಯ ನಡತೆ ಇರುವವರೆಗೆ ಮಾತ್ರವೆಂದು ಈಗ ತಿಳಿಯಿತು ಎಂದು ಆಕೆ ನಕ್ಕುಬಿಟ್ಟರು.

1923ರಲ್ಲಿ ಆಕೆ ನಮ್ಮ ದೇಶಕ್ಕೂ ಬಂದಿದ್ದರು. ಆಗ ಗಾಂಧೀಜಿಯವರು ಯರವಡಾ ಜೈಲಿನಲ್ಲಿದ್ದರು. 1931ರಲ್ಲಿ ಟಾಲ್‌ಸ್ಟಾಯ್ ಮತ್ತು ಗಾಂಧಿ ಇಬ್ಬರನ್ನೂ ಕುರಿತು ಆಕೆ ಒಂದು ಲೇಖನ ಬರೆದರು. ಅದೇ ವರ್ಷ ಆಕೆಗೆ ಶಾಂತಿಯ ನೊಬೆಲ್ ಬಹುಮಾನ ಬಂತು, ಇನ್ನೊಬ್ಬರೊಡನೆ ಅರ್ಧ ಹಂಚಿಕೆಯಾಗಿ. ಆ ಬಹುಮಾನ ಪಡೆದ ಅಮೆರಿಕದ ಮೊದಲ ಹೆಂಗಸು ಆಕೆ. ಬಹುಮಾನ ಕೊಡುವ ದಿನ ಆಕೆ ಆಸ್ಪತ್ರೆಯಲ್ಲಿದ್ದರು. ಬಂದ ಹಣವನ್ನು ತಾವು ಕಟ್ಟಿದ ಹೆಂಗಸರ ಶಾಂತಿ ಸಂಘಕ್ಕೆ ಕೊಟ್ಟರು. 1935ರ ಮೇ 21ರಂದು ತೀರಿಕೊಂಡರು.

ಗೆಳೆಯರೇ, ಇಷ್ಟನ್ನು ಯಾವ ಜೀವನಚರಿತ್ರೆಯಲ್ಲೂ ಓದಬಹುದು. ಈಗ ಕಾಗದಗಳ ವಿಷಯಕ್ಕೆ ಬರುತ್ತೇನೆ.

ಪೆನ್ಸಿಲ್ವೇನಿಯ ರಾಜ್ಯದಲ್ಲಿ ಕ್ವೇಕರ್ ಪಂಥದವರು ಸ್ಥಾಪಿಸಿದ ಸ್ವಾರ್ತ್‌ಮೋರ್ ಎಂಬ ಕಾಲೇಜು ಇದೆ. ಕ್ವೇಕರರು ಆಯುಧ ಹಿಡಿಯಬಾರದೆಂದು ನಂಬುವ ಜನ. ಸುಮಾರು 1930ರಲ್ಲಿ, ತಾವು ಬದುಕಿರುವಾಗಲೇ, ಜೇನ್ ಆಡಮ್ಸ್ ಶಾಂತಿಗೆ ಸಂಬಂಧಿಸಿದ ತಮ್ಮ ಪುಸ್ತಕಗಳನ್ನೂ ಕಾಗದಗಳನ್ನೂ ಆ ಕಾಲೇಜಿಗೆ ಒಪ್ಪಿಸತೊಡಗಿದರು. ಆ ಕಟ್ಟುಗಳೇ ಬೀಜವಾಗಿ ಅಲ್ಲಿ ಶಾಂತಿಯ ದೊಡ್ಡ ದಾಖಲೆ ಭಂಡಾರ ಬೆಳೆಯಿತು. ಬೇರೆ ಬೇರೆ ಶಾಂತಿವಾದಿಗಳೂ ಶಾಂತಿ ಸಂಘಗಳೂ ತಮ್ಮ ಕಾಗದಗಳನ್ನು ಅಲ್ಲಿಗೆ ಕೊಟ್ಟರು. ಒಬ್ಬರ ಕಪಾಟು ಸಾವಿರಾರು ಜನರ ಕಪಾಟಾಯಿತು.

ಅಲ್ಲಿ ಏನೇನಿದೆ? ಬಂದ ಕಾಗದಗಳು, ಕಳಿಸಿದ ಕಾಗದಗಳ ನಕಲು, ಭಾಷಣದ ಕರಡು, ಸಣ್ಣ ದಿನಚರಿ ಪುಸ್ತಕಗಳು, ಸಭೆಯ ವರದಿ, ಪತ್ರಿಕೆಗಳಿಂದ ಕತ್ತರಿಸಿದ ತುಣುಕುಗಳು. ಆ ತುಣುಕುಗಳಲ್ಲಿ ಹೊಗಳಿದ್ದೂ ಇದೆ, ಉಗುಳಿದ್ದೂ ಇದೆ. 1915ರ ಆ ಬೈಗುಳದ ಕಾಗದಗಳೂ ಇವೆ. ಬೆಂಬಲಿಸಿದವರ ಕಾಗದದ ಪಕ್ಕದಲ್ಲೇ ಅವೂ ಕುಳಿತಿವೆ. ಆಕೆ ಬರೆದ ಕಾಗದಗಳು ಲೋಕದ ನಾನಾ ಕಡೆ ಚದರಿದ್ದವು. ವಿದ್ವಾಂಸರು ವರ್ಷಗಟ್ಟಲೆ ಶ್ರಮಪಟ್ಟು ಅವುಗಳ ಪ್ರತಿಗಳನ್ನು ಹುಡುಕಿ ಕೂಡಿಸಿ, 1980ರ ದಶಕದಲ್ಲಿ 82 ಸುರುಳಿ ಫಿಲ್ಮಿನಲ್ಲಿ ತಂದರು. 2015ರಿಂದ ನ್ಯೂಜೆರ್ಸಿಯ ರಾಮಪೋ ಕಾಲೇಜಿನಲ್ಲಿ ಅವನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸ ಕೈಗೊಂಡರು. ಆದ್ದರಿಂದಲೇ ಮೆಟ್ರಿಕ್ ಓದಿದ ಒಬ್ಬ ಕಾರಕೂನ ಊಟದ ಬಿಡುವಿನಲ್ಲಿ ಕಾಸು ಕೊಡದೆ ಅವುಗಳಲ್ಲಿ ಕೆಲವನ್ನು ಓದಲು ಸಾಧ್ಯವಾಯಿತು.

ಒಂದು ಸಂಗತಿಯನ್ನು ಮರೆಮಾಚಬಾರದು. ಎಲ್ಲ ಕಾಗದಗಳೂ ಉಳಿದಿಲ್ಲ. ಮೇರಿ ರೋಜೆಟ್ ಸ್ಮಿತ್ ಎಂಬ ಜೀವದ ಗೆಳತಿಯೊಡನೆ ನಡೆದ ಪತ್ರವ್ಯವಹಾರದಲ್ಲಿ ಬಹಳಷ್ಟನ್ನು ಆಕೆ ತಾವೇ ಸುಟ್ಟರೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಅದು ಅವರ ಮನೆಯ ಮಾತು, ಅವರ ಹಕ್ಕು. ನನಗೆ ಹೊಳೆದದ್ದು ಇಷ್ಟು: ಅಕ್ಕರೆಯ ಕಾಗದ ಸುಟ್ಟ ಹೆಂಗಸು, ತನ್ನನ್ನು ದೇಶದ್ರೋಹಿ ಎಂದ ಕಾಗದವನ್ನು ಉಳಿಯಗೊಟ್ಟಳು. ನಾವಾಗಿದ್ದರೆ ಇದರ ತಿರುವು ಮಾಡುತ್ತಿದ್ದೆವು.

ಉಳಿದದ್ದರಿಂದ ಏನಾಯಿತು? ಕಾರ್ನೆಗಿ ಹಾಲಿನ ಭಾಷಣವನ್ನೇ ತೆಗೆದುಕೊಳ್ಳಿ. ಪತ್ರಿಕೆಗಳ ಮಾತೊಂದೇ ಉಳಿದಿದ್ದರೆ, ಸೈನಿಕರನ್ನು ಕುಡುಕರೆಂದ ಹೆಂಗಸು ಎಂದೇ ನಾವು ಇಂದೂ ತಿಳಿಯುತ್ತಿದ್ದೆವು. ಆಕೆಯ ಮಾತೊಂದೇ ಉಳಿದಿದ್ದರೆ, ಆ ಮಾತಿಗೆ ಆಕೆ ಎಷ್ಟು ಬೆಲೆ ತೆತ್ತರೆಂಬುದು ತಿಳಿಯುತ್ತಿರಲಿಲ್ಲ. ಎರಡೂ ಒಂದೇ ಕಡೆ ಇರುವುದರಿಂದ ಓದುವವನು ತಾನೇ ತೂಗಿ ನೋಡಬಹುದು. ಹಲ್ ಹೌಸಿನ ಸಂಸ್ಥೆ 2012ರಲ್ಲಿ ಹಣವಿಲ್ಲದೆ ಮುಚ್ಚಿತು. ಹಳೆಯ ಮನೆ ಈಗ ವಸ್ತುಸಂಗ್ರಹಾಲಯ. ಆದರೂ ಆಕೆ ಏನು ಮಾಡಿದರು, ಏನು ಮಾಡಲಾಗದೆ ಹೋದರು ಎಂಬುದಕ್ಕೆ ಲೆಕ್ಕ ಸಿಗುತ್ತದೆ. ಕಾಗದ ಇದೆ.

ಕಾಗದದ ಬೆಲೆ ಈ ಊರಿನಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮುಂದೆ ಹಳೆಯ ಕಾಮಗಾರರಿಗೆ ಮನೆ ಕೊಡುವ ಯೋಜನೆ ಬಂದಾಗ, ತಾನು ಗಿರಣಿಯಲ್ಲಿ ದುಡಿದದ್ದಕ್ಕೆ ಪುರಾವೆ ತೋರಿಸಬೇಕಾಯಿತು. ಇದೇ ಬೆಂಚಿನ ಮೇಲೆ ಒಬ್ಬ ಅಜ್ಜ ಕುಳಿತು ನನ್ನಿಂದ ಅರ್ಜಿ ಬರೆಸಿದರು. ಇಪ್ಪತ್ತಾರು ವರ್ಷ ಮಗ್ಗ ನಡೆಸಿದ ಕೈ. ಪುರಾವೆ ಕೇಳಿದೆ. ಖೋಲಿಗೆ ಸುಣ್ಣ ಬಳಿಯುವಾಗ ಹಳೆಯ ಚೀಟಿಗಳನ್ನೆಲ್ಲ ರದ್ದಿಗೆ ಕೊಟ್ಟೆವು ಎಂದರು. ಆಮೇಲೆ ತಮ್ಮ ಎರಡು ಕೈಗಳನ್ನು ಮೇಜಿನ ಮೇಲೆ ಇಟ್ಟು, “ಇದು ನಡೆಯುವುದಿಲ್ಲವೇ ತಮ್ಮಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನಮ್ಮ ಕಪಾಟಿನಲ್ಲಿ ಏನಿತ್ತೆಂದು ಹೇಳುತ್ತೇನೆ.

ಹಳೆಯ ವರ್ಗಣಿ ಪುಸ್ತಕ, ಬಿಲ್ಲು, ನಾಟಕದ ಕರಪತ್ರ, ಇವುಗಳ ಅಡಿಯಲ್ಲಿ ದಾರದಿಂದ ಪೋಣಿಸಿದ ಮೂರು ಕಾಗದಗಳಿದ್ದವು. ಮೂರರ ಮೇಲೂ ಅಂದಿನ ಕಾರ್ಯದರ್ಶಿಗಳು ಕೆಂಪು ಶಾಯಿಯಲ್ಲಿ ಬಂದ ತಾರೀಖು ಹಾಕಿದ್ದಾರೆ. ಅದು 1969ರ ಫೆಬ್ರವರಿ. ಗಡಿಯ ತಂಟೆಯ ಹೆಸರಿನಲ್ಲಿ ಈ ನಗರದಲ್ಲಿ ಗಲಭೆಯಾಗಿ ಜನ ಸತ್ತ ದಿನಗಳು.

ಮೊದಲನೆಯದು ಹೆಸರಿಲ್ಲದ ಮರಾಠಿ ಕಾಗದ. ಕನ್ನಡ ಫಲಕ ಇಳಿಸದಿದ್ದರೆ ಆಗುವುದಕ್ಕೆ ನೀವೇ ಹೊಣೆ ಎಂದಿದೆ. ಎರಡನೆಯದೂ ಹೆಸರಿಲ್ಲದ್ದೇ, ಆದರೆ ಕನ್ನಡದ್ದು, ನಮ್ಮವರದು. ಕಾರ್ಯದರ್ಶಿಗಳು ನೆರೆಯ ಚಾಳಿಗೆ ಹೋಗಿ ಅಲ್ಲಿಯ ಮರಾಠಿ ಹಿರಿಯರೊಡನೆ ಚಹಾ ಕುಡಿದು ಬಂದರಂತೆ. ಅದಕ್ಕೆ ಅವರನ್ನು ಹೇಡಿ, ಕನ್ನಡದ್ರೋಹಿ ಎಂದು ಬೈದಿದ್ದಾರೆ. ಬಳಸಿದ ಶಬ್ದಗಳನ್ನು ತಾಯಂದಿರ ಮುಂದೆ ಹೇಳಲಾರೆ. ಮೂರನೆಯದು ಒಂದು ಚೀಟಿ, ಆ ಮರಾಠಿ ಹಿರಿಯರು ಕಳಿಸಿದ್ದು. ಎರಡೇ ಸಾಲು. ಇಂದು ರಾತ್ರಿ ನಮ್ಮ ಹುಡುಗರು ನಿಮ್ಮ ವಾಚನಾಲಯದ ಬಾಗಿಲಲ್ಲಿ ಮಲಗುತ್ತಾರೆ, ಹೊರಗಿನ ದೀಪ ಆರಿಸಬೇಡಿರಿ ಎಂದು.

ಆ ದಿನದ ಹಾಜರಿ ಪುಸ್ತಕವೂ ಸಿಕ್ಕಿತು. ಅದರಲ್ಲಿ ಕಾರ್ಯದರ್ಶಿಗಳ ಅಕ್ಷರ: ವಾಚನಾಲಯ ಎಂದಿನಂತೆ ತೆರೆದಿತ್ತು, ಓದುಗರು 7.

ಅವರು ಈಗಿಲ್ಲ. ಈ ವಿಷಯ ಅವರು ಯಾರ ಮುಂದೆಯೂ ಹೇಳಿಕೊಂಡಂತಿಲ್ಲ. ನಾನಿಲ್ಲಿ ಹತ್ತು ವರ್ಷದಿಂದ ಇದ್ದರೂ ಕೇಳಿರಲಿಲ್ಲ. ಗಲಭೆಯ ಮಾತು ಬಂದಾಗಲೆಲ್ಲ ಅವರು ನಮ್ಮನ್ನು ಹೊಡೆಯಲು ಬಂದರು ಎಂದಷ್ಟೇ ಕೇಳಿ ಬೆಳೆದಿದ್ದೇನೆ. ಅದು ಸುಳ್ಳಲ್ಲ, ಮೊದಲನೆಯ ಕಾಗದ ಅದಕ್ಕೆ ಸಾಕ್ಷಿ. ಆದರೆ ಮೂರನೆಯ ಚೀಟಿಯೂ ಸುಳ್ಳಲ್ಲ. ಎರಡನೆಯದು ನಮ್ಮ ಮಾನ ಕಳೆಯುವಂಥದು; ಅದನ್ನು ಹರಿದು ಹಾಕಲು ನನ್ನ ಕೈಯೂ ಒಮ್ಮೆ ಮುಂದೆ ಹೋಯಿತು. ಆಗ ಆ ತಾಯಿಯ ನೆನಪಾಯಿತು. ಬೈದವರ ಕಾಗದವನ್ನು ಕಾರ್ಯದರ್ಶಿಗಳೇ ತಾರೀಖು ಹಾಕಿ ಇಟ್ಟಿರುವಾಗ ಹರಿಯಲು ನಾನು ಯಾರು? ಬೆಂಕಿ ಹತ್ತಿದ ದಿನ ಇಬ್ಬರು ಮುದುಕರು ಕೂಡಿ ಕುಡಿದ ಚಹಾದ ಲೆಕ್ಕ ಈ ದಾರದಲ್ಲಿದೆ. ಮೂರರಲ್ಲಿ ಒಂದನ್ನು ತೆಗೆದರೂ ಲೆಕ್ಕ ತಪ್ಪುತ್ತದೆ. ಇದನ್ನು ಹಾಜರಿ ಬರೆಯುವವನಾಗಿ ಹೇಳುತ್ತಿದ್ದೇನೆ.

ನಾವು ಜೇನ್ ಆಡಮ್ಸ್ ಅಲ್ಲ, ನಮ್ಮ ಕಪಾಟು ಸ್ವಾರ್ತ್‌ಮೋರ್ ಅಲ್ಲ. ಆದರೂ ವಾರ್ಷಿಕ ಸಭೆಗೆ ನನ್ನ ಬಿನ್ನಹ ಮೂರು. ಒಂದು, ರದ್ದಿಯವನನ್ನು ಕರೆಯುವ ಮೊದಲು ನಾಲ್ಕು ರವಿವಾರ ನನಗೆ ಕೊಡಿರಿ. ಬಿಲ್ಲು, ಖಾಲಿ ಪಾವತಿ, ಹಳೆಯ ಪತ್ರಿಕೆಗಳ ರಾಶಿ ಹೋಗಲಿ, ಜಾಗ ಆಗುತ್ತದೆ. ಕಾಗದಪತ್ರ, ನಡವಳಿಕೆ ಪುಸ್ತಕ, ಹಾಜರಿ ಪುಸ್ತಕ ಉಳಿಯಲಿ. ಎರಡು ತಗಡಿನ ಪೆಟ್ಟಿಗೆಯಲ್ಲಿ ಹಿಡಿಯುತ್ತವೆ. ಎರಡು, ಯಾರದಾದರೂ ಮನೆಮಾತಿನ ಕಾಗದ ಸಿಕ್ಕಿದರೆ ಓದದೆ ಅವರ ಮನೆಯವರಿಗೆ ಮುಟ್ಟಿಸೋಣ. ಇಡುವುದೋ ಸುಡುವುದೋ ಅವರ ಇಚ್ಛೆ. ಮೂರು, ಉಳಿದದ್ದಕ್ಕೆ ಒಂದು ಪಟ್ಟಿ ಮಾಡಿ ಈ ಮೇಜಿನ ಮೇಲೆ ಇಡೋಣ, ಹೊಗಳಿದ್ದು ಬೈದದ್ದು ಎಂದು ಬೇರ್ಪಡಿಸದೆ, ಬಂದ ತಾರೀಖಿನ ಪ್ರಕಾರ.

ನಿಮ್ಮ ಮನೆಯ ಟ್ರಂಕುಗಳಲ್ಲೂ ಇಂಥ ಕಟ್ಟುಗಳಿದ್ದಾವು. ಸುಣ್ಣ ಬಳಿಯುವ ಮೊದಲು ಒಮ್ಮೆ ಬಿಚ್ಚಿ ನೋಡಿರಿ. ಓದಲು ಬಾರದಿದ್ದರೆ ಇಲ್ಲಿ ತನ್ನಿರಿ. ಸಂಜೆ ಏಳರಿಂದ ಒಂಬತ್ತರವರೆಗೆ ನಾನು ಇರುತ್ತೇನೆ.

ಆ ಮೂರು ಕಾಗದಗಳನ್ನು ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಹೋಗುವಾಗ ನೋಡಿ ಹೋಗಿರಿ. ದಾರ ಮಾತ್ರ ಬಿಚ್ಚಬೇಡಿರಿ.